ಟಿಪ್ಪುವಿನ ಸೋದರಳಿಯ, ಮಾವುತನ ಮಗ

ಕಡಲ ತಳದಲ್ಲಿ ‘ನಾಟಿಲಸ್’ ಎಂಬ ಜಲಾಂತರ್ಗಾಮಿ ಓಡಿಸುತ್ತ, ತನಗಾಗದವರ ಹಡಗುಗಳನ್ನು ಹುಡುಕಿ ಮುಳುಗಿಸುತ್ತಿದ್ದ ಕ್ಯಾಪ್ಟನ್ ನೆಮೊ ದೇವನಹಳ್ಳಿಯವರಿಗೆ ನೆಂಟನಾಗಬೇಕು. ಸಂಬಂಧ ಕಟ್ಟಿದವನು ಫ್ರಾನ್ಸಿನ ಕಾದಂಬರಿಕಾರ ಜೂಲ್ಸ್ ವರ್ನ್. ನೆಮೊ ಮೊದಲು ಕಾಣಿಸಿಕೊಂಡ ‘ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದ ಸೀ’ ಕಾದಂಬರಿಯಲ್ಲಿ ಅವನ ಊರು, ಕುಲ, ಗೋತ್ರ ಯಾವುದೂ ಇರಲಿಲ್ಲ. 1875ರಲ್ಲಿ ಮುಗಿದ ‘ದ ಮಿಸ್ಟೀರಿಯಸ್ ಐಲ್ಯಾಂಡ್’ನ ಕೊನೆಯಲ್ಲಿ, ಸಾಯುವ ಹೊತ್ತಿಗೆ ನೆಮೊ ಬಾಯಿಬಿಡುತ್ತಾನೆ. ಅವನ ನಿಜನಾಮ ರಾಜಕುಮಾರ ದಕ್ಕರ್. ಬುಂದೇಲಖಂಡದ ರಾಜನ ಮಗ, ಮೈಸೂರಿನ ಟಿಪ್ಪುವಿನ ಸೋದರಳಿಯ. 1857ರ ದಂಗೆಯಲ್ಲಿ ಬ್ರಿಟಿಷರ ವಿರುದ್ಧ ಕಾದು, ಸೋತು, ಹೆಂಡತಿ ಮಕ್ಕಳನ್ನು ಕಳೆದುಕೊಂಡು ಕಡಲು ಸೇರಿದವನು.

ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ, 1750ರ ಸುಮಾರಿಗೆ. ಕೋಟೆಯ ಹತ್ತಿರ ಕಲ್ಲುಕಂಬಗಳ ಪುಟ್ಟ ಸ್ಮಾರಕವಿದೆ. ವಿಮಾನ ಹಿಡಿಯುವ ಅವಸರದಲ್ಲಿರುವವರ ಕಣ್ಣಿಗೆ ಅದು ಬೀಳುವುದು ಕಡಿಮೆ. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಮಡಿದ ಟಿಪ್ಪುವಿನ ಸೋದರಳಿಯ 1857ರಲ್ಲಿ ಇನ್ನೂ ಪ್ರಾಯದವನಾಗಿರುವುದು ಹೇಗೆ, ಬುಂದೇಲಖಂಡದ ರಾಜಮನೆತನಕ್ಕೂ ಮೈಸೂರಿನ ನವಾಬನಿಗೂ ಬೀಗತನ ಬೆಳೆದದ್ದು ಯಾವಾಗ ಎಂದೆಲ್ಲ ಕೇಳಬಾರದು. ಕಾದಂಬರಿಕಾರನಿಗೆ ಜಾತಕ ಹೊಂದಿಸುವ ಹಂಗಿಲ್ಲ.

ಕೇಳಬೇಕಾದ ಪ್ರಶ್ನೆ ಬೇರೆ ಇದೆ. ನೆಮೊ ಭಾರತೀಯನಾದದ್ದು ಯಾಕೆ? ವರ್ನ್ ಮೊದಲು ಅವನನ್ನು ಪೋಲೆಂಡಿನವನೆಂದು ಕಲ್ಪಿಸಿಕೊಂಡಿದ್ದ. 1863ರ ಪೋಲಿಷ್ ದಂಗೆಯನ್ನು ರಷ್ಯ ಹೊಸಕಿಹಾಕಿತ್ತು. ಮನೆಮಂದಿಯನ್ನು ಕಳೆದುಕೊಂಡ ಪೋಲಿಷ್ ಶ್ರೀಮಂತನೊಬ್ಬ ರಷ್ಯದ ಹಡಗುಗಳನ್ನು ಬೆನ್ನಟ್ಟುವುದು ಮೂಲ ಕಥೆ. ಪ್ರಕಾಶಕ ಹೆಟ್ಜೆಲ್ ಒಪ್ಪಲಿಲ್ಲ. ವರ್ನ್‌ನ ಪುಸ್ತಕಗಳಿಗೆ ರಷ್ಯದಲ್ಲಿ ಒಳ್ಳೆಯ ಮಾರಾಟವಿತ್ತು, ಅಲ್ಲಿಯವರು ಮುನಿಸಿಕೊಂಡರೆ ನಷ್ಟ. ಹಾಗಾಗಿ ನೆಮೊ ಮೊದಲು ಊರಿಲ್ಲದವನಾದ, ಆಮೇಲೆ ನಮ್ಮವನಾದ. ವರ್ನ್‌ಗೆ ಭಾರತದ ಬಗ್ಗೆ ಸಹಾನುಭೂತಿ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ; ಇತ್ತು, ಕಾದಂಬರಿ ಓದಿದರೆ ತಿಳಿಯುತ್ತದೆ. ಆದರೆ ಯಾರು ಮುನಿಸಿಕೊಂಡರೆ ಯಾರಿಗೆ ನಷ್ಟ ಎಂಬ ಲೆಕ್ಕ ಅಲ್ಲಿಂದಲೇ ಶುರುವಾಗಿತ್ತು. ಮುಂದೆ ಸಿನಿಮಾ ಬಂದಾಗ ತೆರೆಯ ಮೇಲೆ ಯಾರ ಮುಖ ಇರಬೇಕು, ಯಾರ ಮುಖಕ್ಕೆ ಯಾರು ಬಣ್ಣ ಹಚ್ಚಬೇಕು ಎಂಬುದನ್ನು ತೀರ್ಮಾನಿಸಿದ್ದೂ ಬಹುಮಟ್ಟಿಗೆ ಇದೇ ಲೆಕ್ಕ.

ನೆಮೊ ದೊಡ್ಡ ಮಟ್ಟದಲ್ಲಿ ತೆರೆಗೆ ಬಂದದ್ದು 1916ರ ಡಿಸೆಂಬರಿನಲ್ಲಿ. ಯೂನಿವರ್ಸಲ್ ಕಂಪನಿಯ ಮೂಕಿ ಚಿತ್ರ, ನಿರ್ದೇಶಕ ಸ್ಟುವರ್ಟ್ ಪೇಟನ್. ವರ್ನ್‌ನ ಎರಡೂ ಕಾದಂಬರಿಗಳನ್ನು ಕಲಸಿ ಮಾಡಿದ ಕಥೆ. ಆ ಚಿತ್ರದ ಹೆಸರು ಇವತ್ತಿಗೂ ಉಳಿದಿರುವುದು ನೀರೊಳಗಿನ ಚಿತ್ರೀಕರಣಕ್ಕಾಗಿ. ಜಾನ್ ಅರ್ನೆಸ್ಟ್ ಮತ್ತು ಜಾರ್ಜ್ ವಿಲಿಯಮ್ಸನ್ ಎಂಬ ಅಣ್ಣತಮ್ಮಂದಿರು ತಮ್ಮ ತಂದೆ ರೂಪಿಸಿದ್ದ ಕಬ್ಬಿಣದ ಕೊಳವೆಯ ತುದಿಗೆ ಗಾಜಿನ ಕಿಟಕಿಯ ಕೋಣೆ ಜೋಡಿಸಿ, ಅದರೊಳಗೆ ಕೂತು ಬಹಾಮಾಸ್ ದ್ವೀಪಗಳ ತಿಳಿನೀರಿನಲ್ಲಿ ಮೀನು, ಹವಳ, ಮುಳುಗುಗಾರರನ್ನು ಚಿತ್ರಿಸಿದರು. 2016ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಅದು ಸೇರಿತು. ಮೂಕಿ ಚಿತ್ರಗಳ ಬಗ್ಗೆ ತಾಳ್ಮೆ ಇಲ್ಲದವರೂ ಆ ಕಡಲಿನ ದೃಶ್ಯಗಳನ್ನು ಬಾಯಿಬಿಟ್ಟು ನೋಡಬಹುದು.

ನೆಮೊನನ್ನು ನೋಡುವುದು ಮಾತ್ರ ಕಷ್ಟ. ಪಾತ್ರ ಮಾಡಿದವನು ಆಲನ್ ಹೊಲುಬಾರ್ ಎಂಬ ಅಮೆರಿಕದ ಬಿಳಿಯ ನಟ. ಮುಖಕ್ಕೆ ಕಡುಬಣ್ಣ, ಎದೆಯವರೆಗೆ ಬಿಳಿ ಗಡ್ಡ, ಒಟ್ಟು ನೋಟ ಕ್ರಿಸ್‌ಮಸ್ ತಾತನಿಗೆ ಮಸಿ ಬಳಿದ ಹಾಗೆ. ಅವನ ಕಳೆದುಹೋದ ಮಗಳಾಗಿ ಬರುವ ಜೇನ್ ಗೇಲ್ ಮೈಗೂ ಕಂದು ಬಣ್ಣ. ಭಾರತದ ಹಿಂದಿನ ಕಥೆ ಹೇಳುವ ದೃಶ್ಯಗಳೂ ಚಿತ್ರದಲ್ಲಿವೆ. ಬ್ರಿಟಿಷ್ ಅಧಿಕಾರಿಯ ದೌರ್ಜನ್ಯದಿಂದ ಮಡದಿ ಸತ್ತ ಮೇಲೆ ನೆಮೊ ಸೇಡಿಗೆ ಇಳಿದ ಎಂಬುದೇ ಅದರ ತಿರುಳು. ಗಮನಿಸಿ, 1916ರ ಅಮೆರಿಕದ ಚಿತ್ರವೊಂದು ಬ್ರಿಟಿಷ್ ಅಧಿಕಾರಿಯನ್ನು ಖಳನನ್ನಾಗಿ, ಭಾರತದ ರಾಜಕುಮಾರನನ್ನು ನೊಂದವನನ್ನಾಗಿ ತೋರಿಸಿತು. ಕಥೆಯಲ್ಲಿ ನಮಗೆ ನ್ಯಾಯ ಸಿಕ್ಕಿತು, ಪಾತ್ರ ಸಿಗಲಿಲ್ಲ.

ಹಾಗೆ ನೋಡಿದರೆ ಮೂಕಿ ಚಿತ್ರಗಳ ಆರಂಭದ ದಿನಗಳಲ್ಲಿ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. 1914ರಲ್ಲಿ ಸೆಸಿಲ್ ಬಿ. ಡಿಮಿಲ್ ‘ದ ಸ್ಕ್ವಾ ಮ್ಯಾನ್’ ತೆಗೆದಾಗ ನಾಯಕಿಯ ಪಾತ್ರಕ್ಕೆ ಹೋ-ಚಂಕ್ ಬುಡಕಟ್ಟಿನ ಲಿಲಿಯನ್ ಸೇಂಟ್ ಸಿರ್ ಬಂದಿದ್ದಳು. ತೆರೆಯ ಮೇಲೆ ಅವಳ ಹೆಸರು ರೆಡ್ ವಿಂಗ್. ಮುಂದಿನ ನಾಲ್ಕೈದು ದಶಕಗಳ ಕೌಬಾಯ್ ಚಿತ್ರಗಳಲ್ಲಿ ಅಮೆರಿಕದ ಮೂಲನಿವಾಸಿಗಳ ಮುಖ್ಯ ಪಾತ್ರಗಳನ್ನು ಬಿಳಿಯರೇ ಬಣ್ಣ ಹಚ್ಚಿಕೊಂಡು ಮಾಡುತ್ತಿದ್ದುದನ್ನು ನೆನೆದರೆ 1914 ಮುಂದುವರಿದ ಕಾಲದಂತೆ ಕಾಣುತ್ತದೆ. ಜಪಾನಿನ ಸೆಸ್ಸೂ ಹಯಕಾವ ಅದೇ ದಶಕದಲ್ಲಿ ಹಾಲಿವುಡ್‌ನ ದೊಡ್ಡ ತಾರೆಯಾಗಿ, 1918ರಲ್ಲಿ ಸ್ವಂತ ನಿರ್ಮಾಣ ಸಂಸ್ಥೆಯನ್ನೂ ತೆರೆದ.

ಅವನನ್ನು ಮೇಲಕ್ಕೆತ್ತಿದ್ದು 1915ರ ‘ದ ಚೀಟ್’. ಸಾಲ ಪಡೆದ ಬಿಳಿಯ ಹೆಂಗಸಿನ ಭುಜಕ್ಕೆ ಕಾದ ಕಬ್ಬಿಣದಿಂದ ಬರೆ ಹಾಕುವ ಜಪಾನಿ ವ್ಯಾಪಾರಿಯ ಪಾತ್ರ. ಅಮೆರಿಕದಲ್ಲಿದ್ದ ಜಪಾನೀಯರು ಕೆರಳಿದರು, ಪ್ರತಿಭಟಿಸಿದರು. ಅಷ್ಟರಲ್ಲಿ ಮೊದಲ ಮಹಾಯುದ್ಧದಲ್ಲಿ ಜಪಾನ್ ಮಿತ್ರಪಕ್ಷವೂ ಆಗಿತ್ತು. 1918ರಲ್ಲಿ ಚಿತ್ರ ಮರುಬಿಡುಗಡೆಯಾದಾಗ ಖಳ ಜಪಾನಿಯಾಗಿ ಉಳಿಯಲಿಲ್ಲ, ಬರ್ಮಾದ ದಂತದ ವ್ಯಾಪಾರಿಯಾದ. ಮೂಕಿ ಚಿತ್ರದ ಅನುಕೂಲ ಅದು: ಮಧ್ಯೆ ಬರುವ ಅಕ್ಷರದ ಫಲಕ ಬದಲಿಸಿದರೆ ಮನುಷ್ಯನ ದೇಶವೇ ಬದಲು. ಬರ್ಮಾವನ್ನೇ ಆರಿಸಿದ್ದು ಯಾಕೆ? ಬರ್ಮಾ ಆಗ ಬ್ರಿಟಿಷರ ಕೈಯಲ್ಲಿತ್ತು. ಅದರ ಪರವಾಗಿ ದೂರು ಕೊಡಲು ಹಾಲಿವುಡ್‌ನ ಬಾಗಿಲಿಗೆ ಯಾವ ರಾಯಭಾರಿಯೂ ಬರುವಂತಿರಲಿಲ್ಲ. ಪೋಲಿಷ್ ನೆಮೊ ಭಾರತೀಯನಾದ ದಾರಿ ಇದಕ್ಕಿಂತ ಬಹಳ ಬೇರೆಯೇನೂ ಅಲ್ಲ.

ಈಗ ಮೈಸೂರಿಗೆ ಬರೋಣ. 1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ನಿರ್ದೇಶಕ ಹೆಂಡತಿ ಫ್ರಾನ್ಸೆಸ್ ಜೊತೆ ಇಲ್ಲಿಗೆ ಬಂದ. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಕಳಿಸಿದ್ದು. ಕಿಪ್ಲಿಂಗ್‌ನ ‘ಟೂಮಾಯ್ ಆಫ್ ದಿ ಎಲಿಫೆಂಟ್ಸ್’ ಕಥೆಯನ್ನು ಸಿನಿಮಾ ಮಾಡಬೇಕಿತ್ತು. ಕಥೆ ನಡೆಯುವುದು ಅಸ್ಸಾಮಿನ ಕಡೆಯ ಗಾರೋ ಬೆಟ್ಟಗಳಲ್ಲಿ. ಆದರೆ ಆನೆ ಬೇಕೆಂದರೆ ಮೈಸೂರಿಗಿಂತ ಒಳ್ಳೆಯ ಜಾಗ ಯಾವುದು? ನಾಲ್ವಡಿ ಕೃಷ್ಣರಾಜ ಒಡೆಯರ ಆನೆ ಲಾಯ ಇತ್ತು, ಕಾಕನಕೋಟೆಯ ಕಾಡಿತ್ತು, ಕಾಡಾನೆಗಳ ಹಿಂಡನ್ನು ಸುತ್ತುವರಿದು ಹಿಡಿಯುವ ಖೆಡ್ಡಾ ಇತ್ತು. ಮೈಸೂರು ಸೀಮೆಯಲ್ಲಿ ಖೆಡ್ಡಾವನ್ನು 1870ರ ದಶಕದಲ್ಲಿ ಶುರುಮಾಡಿದ ಜಿ.ಪಿ. ಸ್ಯಾಂಡರ್ಸನ್‌ನೇ ಕಿಪ್ಲಿಂಗ್‌ನ ಆ ಕಥೆಯ ಪೀಟರ್ಸನ್ ಸಾಹೇಬನಿಗೆ ಮಾದರಿ ಎಂಬ ಮಾತೂ ಇದೆ. ಹಾಗಿದ್ದರೆ ಕಥೆ ಒಂದು ಸುತ್ತು ಹಾಕಿ ಮನೆಗೇ ಬಂದಂತಾಯಿತು.

ಫ್ಲಾಹರ್ಟಿ ಸಾಮಾನ್ಯನಲ್ಲ. ಅವನ 1922ರ ‘ನಾನೂಕ್ ಆಫ್ ದ ನಾರ್ತ್’ ಸಾಕ್ಷ್ಯಚಿತ್ರಗಳ ಮೂಲಪುರುಷ ಎನಿಸಿಕೊಂಡಿದೆ. ಧ್ರುವಪ್ರದೇಶದ ಇನುಯಿಟ್ ಕುಟುಂಬವೊಂದರ ಬದುಕನ್ನು ಅಲ್ಲಿಯ ಜನರಿಂದಲೇ ಮಾಡಿಸಿದ ಚಿತ್ರ. ಆದರೆ ನಾನೂಕ್‌ನ ನಿಜವಾದ ಹೆಸರು ಅಲ್ಲಕರಿಯಲ್ಲಕ್. ಬಂದೂಕು ಬಳಸಿ ಗೊತ್ತಿದ್ದವನ ಕೈಯಲ್ಲಿ ಈಟಿ ಕೊಟ್ಟು ಬೇಟೆಯಾಡಿಸಿದ್ದರು. ಗ್ರಾಮಾಫೋನ್ ಪ್ಲೇಟನ್ನು ಕಚ್ಚಿ ನೋಡುವಂತೆ ಹೇಳಿ, ಅದೇನೆಂದೇ ತಿಳಿಯದ ಮುಗ್ಧನಂತೆ ತೋರಿಸಿದ್ದರು. ಮುಖ ಅಸಲಿ, ಮುಗ್ಧತೆ ನಕಲಿ. ಬಣ್ಣದ ಡಬ್ಬಿ ಇಲ್ಲದೆಯೂ ಬಣ್ಣ ಬಳಿಯಬಹುದು ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಮೈಸೂರಿನಲ್ಲಿ ಟೂಮಾಯ್ ಪಾತ್ರಕ್ಕೆ ಹುಡುಗನನ್ನು ಹುಡುಕುತ್ತಿದ್ದಾಗ ಛಾಯಾಗ್ರಾಹಕ ಓಸ್ಮಂಡ್ ಬೊರಡೈಲ್ ಕಣ್ಣಿಗೆ ಅರಮನೆಯ ಆನೆ ಲಾಯದಲ್ಲಿ ಸಾಬು ಬಿದ್ದ. ಹುಟ್ಟಿದ್ದು 1924ರ ಜನವರಿ 27ರಂದು, ಹೆಗ್ಗಡದೇವನಕೋಟೆ ಸೀಮೆಯ ಕಾರಾಪುರದಲ್ಲಿ. ತಂದೆ ಮಾವುತ. ತಂದೆ ತೀರಿಕೊಂಡ ಮೇಲೆ ಹುಡುಗ ಅರಮನೆಯ ಲಾಯದ ಆಸರೆಯಲ್ಲಿದ್ದ. ಹನ್ನೊಂದು ವರ್ಷದ ಈ ಹುಡುಗ ಐರಾವತ ಎಂಬ ದೊಡ್ಡ ಆನೆಯ ಮೇಲೆ ಹತ್ತಿ ಇಳಿಯುವುದನ್ನು, ಅದರ ಜೊತೆ ಮಾತಾಡುವುದನ್ನು ತೆರೆಯ ಮೇಲೆ ನೋಡಿದರೆ ಯಾರಿಗೂ ತಿಳಿಯುತ್ತದೆ: ಇದನ್ನು ಯಾವ ನಟನಾ ಶಾಲೆಯೂ ಕಲಿಸಲಾರದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡು ಆಗಿನ್ನೂ ಎರಡು ವರ್ಷ ಆಗಿರಲಿಲ್ಲ. ಕನ್ನಡ ಸಿನಿಮಾ ತೊದಲುತ್ತಿದ್ದ ಹೊತ್ತಿಗೆ ಮೈಸೂರಿನ ಹುಡುಗ ಲಂಡನ್ನಿನ ಕಂಪನಿಯ ನಾಯಕನಟ.

ಫ್ಲಾಹರ್ಟಿ ತಿಂಗಳುಗಟ್ಟಲೆ ಮೈಸೂರಿನ ಕಾಡು, ಆನೆ, ಜನರನ್ನು ಚಿತ್ರಿಸುತ್ತಲೇ ಇದ್ದ. ಕಥೆ ಎಲ್ಲಿ ಎಂದು ಕೋರ್ಡಾಗೆ ಚಡಪಡಿಕೆ. ಕೊನೆಗೆ ಎಲ್ಲರನ್ನೂ ಲಂಡನ್ನಿಗೆ ಕರೆಸಿಕೊಂಡು, ಉಳಿದ ಭಾಗವನ್ನು ತಮ್ಮ ಜೋಲ್ಟಾನ್ ಕೋರ್ಡಾನಿಂದ ಡೆನಮ್ ಸ್ಟುಡಿಯೊದಲ್ಲಿ ಮಾಡಿಸಿದ. ಮಾತಿನ ದೃಶ್ಯಗಳು ಹೆಚ್ಚಾಗಿ ಅಲ್ಲಿಯವು. 1937ರಲ್ಲಿ ಬಂದ ‘ಎಲಿಫೆಂಟ್ ಬಾಯ್’ ಚಿತ್ರವನ್ನು ಗಮನವಿಟ್ಟು ನೋಡಿದರೆ ಹೊಲಿಗೆ ಕಾಣುತ್ತದೆ. ಮೈಸೂರಿನ ಬಿಸಿಲಿನಲ್ಲಿ ಸಾಬು ಇದ್ದಾನೆ, ನಮ್ಮ ಜನ ಇದ್ದಾರೆ. ದೃಶ್ಯ ಬದಲಾದೊಡನೆ ಅವನ ತಂದೆಯಾಗಿ ಡಬ್ಲ್ಯು.ಇ. ಹಾಲೋವೆ, ಹಿರಿಯ ಬೇಟೆಗಾರ ಮಚುವಾ ಅಪ್ಪನಾಗಿ ಆಲನ್ ಜೀಸ್ ಎಂಬ ಇಂಗ್ಲೆಂಡಿನ ನಟರು ಬಣ್ಣ ಹಚ್ಚಿಕೊಂಡು, ರುಮಾಲು ಸುತ್ತಿಕೊಂಡು, ನಾಟಕದ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಮಗ ಅಸಲಿ, ಅಪ್ಪ ನಕಲಿ. ಚಿತ್ರಕ್ಕೆ ವೆನಿಸ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿ ಬಂತು, ಫ್ಲಾಹರ್ಟಿ ಮತ್ತು ಜೋಲ್ಟಾನ್ ಇಬ್ಬರಿಗೂ.

ಕೋರ್ಡಾನ ಕಂಪನಿಯಲ್ಲಿ ಅದೇ ಕಾಲಕ್ಕೆ ಭಾರತದಲ್ಲಿ ಹುಟ್ಟಿದ ಇನ್ನೊಂದು ದೊಡ್ಡ ತಾರೆ ಇದ್ದಳು. ಅದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಲು ಬಿಟ್ಟಿರಲಿಲ್ಲ. ಮರ್ಲ್ ಒಬೆರಾನ್ ಮುಂಬೈಯಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಬೆಳೆದ ಆಂಗ್ಲೋ-ಇಂಡಿಯನ್ ಹುಡುಗಿ. ಪ್ರಚಾರದ ಕಾಗದಗಳಲ್ಲಿ ಅವಳ ಹುಟ್ಟೂರು ಆಸ್ಟ್ರೇಲಿಯದ ಟಾಸ್ಮೇನಿಯ ಎಂದಿತ್ತು. 1935ರ ‘ದ ಡಾರ್ಕ್ ಏಂಜಲ್’ಗಾಗಿ ಆಸ್ಕರ್‌ಗೆ ನಾಮನಿರ್ದೇಶನವಾದಳು, 1939ರಲ್ಲಿ ಅಲೆಕ್ಸಾಂಡರ್ ಕೋರ್ಡಾನನ್ನೇ ಮದುವೆಯಾದಳು, 1979ರಲ್ಲಿ ಸಾಯುವವರೆಗೂ ಗುಟ್ಟು ಕಾಪಾಡಿಕೊಂಡಳು. ಒಬ್ಬನೇ ನಿರ್ಮಾಪಕ, ಭಾರತದ ಇಬ್ಬರು ಮಕ್ಕಳು. ಹುಡುಗನಿಗೆ ಅಂಗಿ ತೆಗೆಸಿ ರುಮಾಲು ಸುತ್ತಿ ಭಾರತೀಯತೆಯನ್ನೇ ಮಾರಾಟಕ್ಕಿಟ್ಟರು. ಹೆಂಗಸಿನ ಭಾರತೀಯತೆಯನ್ನು ಪೌಡರಿನಡಿ ಮುಚ್ಚಿಟ್ಟರು. ಪ್ರೇಮಕಥೆಯ ನಾಯಕಿಯಾಗಬೇಕಾದರೆ ಬಿಳಿಯಳಾಗಿಯೇ ಇರಬೇಕಿತ್ತು.

ಇದಕ್ಕೆ ಕಾಗದದ ಮೇಲಿನ ನಿಯಮವೂ ಇತ್ತು. ಹಾಲಿವುಡ್‌ನ ಸ್ಟುಡಿಯೊಗಳು ತಮಗೆ ತಾವೇ ಹಾಕಿಕೊಂಡ ಹೇಸ್ ಸಂಹಿತೆ 1934ರಿಂದ ಬಿಗಿಯಾಗಿ ಜಾರಿಗೆ ಬಂತು. ಅದರ ಒಂದು ವಿಧಿ ಕರಿಯರು ಮತ್ತು ಬಿಳಿಯರ ನಡುವಿನ ಪ್ರಣಯ ಸಂಬಂಧವನ್ನು ತೋರಿಸಬಾರದು ಎಂದಿತು. ಸ್ಟುಡಿಯೊಗಳು ಅದನ್ನು ಏಷ್ಯದವರಿಗೂ ಎಳೆದು ಅನ್ವಯಿಸಿದವು. ‘ದ ಗುಡ್ ಅರ್ತ್’ ಚೀನಾದ ರೈತ ಕುಟುಂಬದ ಕಥೆ. ಗಂಡನ ಪಾತ್ರಕ್ಕೆ ಬಿಳಿಯ ನಟ ಪಾಲ್ ಮ್ಯೂನಿ ಬಣ್ಣ ಹಚ್ಚಿದ ಮೇಲೆ, ಹೆಂಡತಿಯಾಗಿ ನಿಜವಾದ ಚೀನೀ ಮೂಲದ ನಟಿ ಆನಾ ಮೇ ವಾಂಗ್ ನಿಲ್ಲುವಂತಿಲ್ಲ! ಪಾತ್ರ ಲೂಯಿಸ್ ರೈನರ್‌ಗೆ ಹೋಯಿತು, ಆಸ್ಕರ್ ಕೂಡ ಅವಳಿಗೇ ಬಂತು. ಒಂದು ಸುಳ್ಳನ್ನು ಉಳಿಸಿಕೊಳ್ಳಲು ಇನ್ನೊಂದು ಸುಳ್ಳು ಎನ್ನುವುದು ಇದನ್ನೇ. ಸುಳ್ಳು ಮನುಷ್ಯರಿಗೆ ಮಾತ್ರ ಸೀಮಿತವಾಗಿರಲಿಲ್ಲ. ನಮ್ಮ ತಾಲ್ಲೂಕುಗಳ ಟೆಂಟ್ ಟಾಕೀಸುಗಳಲ್ಲೂ ಶಿಳ್ಳೆ ಗಿಟ್ಟಿಸಿದ ಟಾರ್ಜನ್ ಚಿತ್ರಗಳಲ್ಲಿ ಆಫ್ರಿಕದ ಆನೆಗಳೆಂದು ಓಡಾಡಿದ್ದು ಏಷ್ಯದ ಆನೆಗಳು. ದೊಡ್ಡ ಕಿವಿ ಕಾಣಲಿ ಎಂದು ಅವುಗಳಿಗೆ ಕೃತಕ ಕಿವಿ ಕಟ್ಟುತ್ತಿದ್ದರು.

ಸಾಬುವಿನ ಎರಡನೆಯ ಚಿತ್ರ 1938ರ ‘ದ ಡ್ರಮ್’. ವಾಯವ್ಯ ಗಡಿಯ ಕಥೆ. ಬ್ರಿಟಿಷರಿಗೆ ನಿಷ್ಠನಾದ ಬಾಲರಾಜಕುಮಾರ ಸಾಬು. ದಂಗೆಕೋರ ಚಿಕ್ಕಪ್ಪನಾಗಿ ಮುಖಕ್ಕೆ ಬಣ್ಣ ಹಚ್ಚಿದ ರೇಮಂಡ್ ಮ್ಯಾಸಿ. ಒಳ್ಳೆಯ ಭಾರತೀಯನೆಂದರೆ ಬ್ರಿಟಿಷರ ಕಡೆಯವನು, ಕೆಟ್ಟವನೆಂದರೆ ಸ್ವಾತಂತ್ರ್ಯ ಕೇಳುವವನು. ಕಾಂಗ್ರೆಸ್ ಸರ್ಕಾರಗಳು ಪ್ರಾಂತಗಳಲ್ಲಿ ಅಧಿಕಾರಕ್ಕೆ ಬಂದಿದ್ದ ಕಾಲವದು. ಮುಂಬೈಯಲ್ಲಿ, ಮದ್ರಾಸಿನಲ್ಲಿ ಜನ ಬೀದಿಗಿಳಿದರು, ಪ್ರದರ್ಶನ ನಿಂತಿತು. ಮರುವರ್ಷ ಹಾಲಿವುಡ್ಡಿನಿಂದ ‘ಗುಂಗಾ ದಿನ್’ ಬಂತು. ಕಾಳಿಯ ಭಕ್ತರೆಲ್ಲ ಕೊಲೆಗಡುಕರು, ಬ್ರಿಟಿಷ್ ಸೈನಿಕರಿಗೆ ನೀರು ಹೊರುವ ಆಳು ಪುಣ್ಯವಂತ. ಬಾಬೂರಾವ್ ಪಟೇಲರ ‘ಫಿಲ್ಮ್ ಇಂಡಿಯಾ’ ಪತ್ರಿಕೆ ಉರಿದುಬಿತ್ತು. ಬಂಗಾಳ, ಮುಂಬೈ ಪ್ರಾಂತಗಳಲ್ಲಿ ನಿಷೇಧವಾಯಿತು. ಜಪಾನೀಯರು 1915ರಲ್ಲಿ ಮಾಡಿದ್ದನ್ನು ಭಾರತೀಯರು ಕಾಲು ಶತಮಾನ ತಡವಾಗಿ, ಪರರ ಆಳ್ವಿಕೆಯಲ್ಲಿದ್ದುಕೊಂಡೇ ಮಾಡಿದರು.

ಆ ನೀರು ಹೊರುವವನ ಪಾತ್ರಕ್ಕೆ ಮೊದಲು ಕೇಳಿದ್ದು ಸಾಬುವನ್ನೇ. ಕೋರ್ಡಾ ಕಂಪನಿಯ ಕರಾರಿನಲ್ಲಿದ್ದ ಹುಡುಗ ಸಿಗಲಿಲ್ಲ. ಪಾತ್ರ ಸ್ಯಾಮ್ ಜಾಫೆ ಎಂಬ ನ್ಯೂಯಾರ್ಕಿನ ಯಹೂದಿ ನಟನಿಗೆ ಹೋಯಿತು. ಆಗ ಅವನಿಗೆ ವಯಸ್ಸು ನಲವತ್ತೇಳರ ಆಸುಪಾಸು. ಭಾರತೀಯನಾಗಿ ಅಷ್ಟು ಚೆನ್ನಾಗಿ ನಟಿಸಿದ್ದು ಹೇಗೆಂದು ಮುಂದೆ ಯಾರೋ ಕೇಳಿದಾಗ, ಸಾಬುವನ್ನು ಮನಸ್ಸಿಗೆ ತಂದುಕೊಳ್ಳುತ್ತಿದ್ದೆ ಎಂದನಂತೆ. ಈ ಮಾತು ನನಗೆ ಬಹಳ ಮುಖ್ಯವೆನಿಸುತ್ತದೆ. ಅಲ್ಲಿಯವರೆಗೆ ಬಿಳಿಯ ನಟ ಭಾರತೀಯನಾಗಬೇಕಾದರೆ ತನಗಿಂತ ಹಿಂದಿನ ಬಿಳಿಯ ನಟನನ್ನು ನೋಡಿ ಕಲಿಯುತ್ತಿದ್ದ. ಈಗ ಕಾರಾಪುರದ ಹುಡುಗನೊಬ್ಬ ಮಾದರಿಯಾಗಿದ್ದ. ಅಸಲಿ ಬಂದ ಮೇಲೆ ನಕಲಿಗೂ ತನ್ನ ಕೆಲಸ ಕಷ್ಟವಾಯಿತು. ಸಾಬುವನ್ನು ಬರೀ ಬಲಿಪಶುವೆಂದು ಚಿತ್ರಿಸುವ ಬರಹಗಳು ಈ ಒಂದು ಸಂಗತಿಯನ್ನು ಮರೆಯುತ್ತವೆ.

ಅವನ ಮುಂದಿನ ಚಿತ್ರ ‘ದ ಥೀಫ್ ಆಫ್ ಬಾಗ್ದಾದ್’. ಲಂಡನ್ನಿನಲ್ಲಿ ಶುರುವಾಗಿ, ಯುದ್ಧದ ಬಾಂಬುಗಳ ಭಯಕ್ಕೆ ಅಮೆರಿಕದಲ್ಲಿ ಮುಗಿದು 1940ರಲ್ಲಿ ತೆರೆಗೆ ಬಂತು. ಮೂರು ಆಸ್ಕರ್. ನನ್ನ ಮಟ್ಟಿಗೆ ಸಾಬುವಿನ ಅತ್ಯುತ್ತಮ ಚಿತ್ರ ಇದೇ. ಬಾಟಲಿಯಿಂದ ಹೊರಬರುವ ಭೂತವಾಗಿ ಆಫ್ರಿಕನ್-ಅಮೆರಿಕನ್ ನಟ ರೆಕ್ಸ್ ಇಂಗ್ರಾಂ, ಅವನನ್ನು ಮತ್ತೆ ಬಾಟಲಿಗಿಳಿಸುವ ಕಳ್ಳ ಹುಡುಗ ಸಾಬು. ಕಡಲ ತೀರದಲ್ಲಿ ಇವರಿಬ್ಬರೇ ಇರುವ ದೃಶ್ಯದಲ್ಲಿ ಬಿಳಿಯ ಮುಖ ಒಂದೂ ಇಲ್ಲ, ಬಣ್ಣ ಹಚ್ಚಿದ ಮುಖವೂ ಇಲ್ಲ. ಆ ಕಾಲದ ದೊಡ್ಡ ಬಜೆಟ್ಟಿನ ಚಿತ್ರದಲ್ಲಿ ಇದು ಅಪರೂಪ. ಆದರೂ ಸುಂದರಿ ರಾಜಕುಮಾರಿ ಸಿಗುವುದು ಇನ್ನೊಬ್ಬ ನಾಯಕನಿಗೆ. ಸಾಬುವಿಗೆ ಸಿಗುವುದು ಹಾರುವ ಚಾಪೆ.

1942ರ ‘ಜಂಗಲ್ ಬುಕ್’ನಲ್ಲಿ ಮೌಗ್ಲಿ. ಆಮೇಲೆ ಯೂನಿವರ್ಸಲ್ ಕಂಪನಿಯ ‘ಅರೇಬಿಯನ್ ನೈಟ್ಸ್’, ‘ವೈಟ್ ಸ್ಯಾವೇಜ್’, ‘ಕೋಬ್ರಾ ವುಮನ್’. ಎಲ್ಲೋ ಒಂದು ಬಣ್ಣಬಣ್ಣದ ದೇಶ, ಅಲ್ಲಿ ನಾಯಕನ ಬೆನ್ನ ಹಿಂದೆ ನಗುತ್ತ ಓಡುವ ಗೆಳೆಯ. 1944ರಲ್ಲಿ ಅಮೆರಿಕದ ಪ್ರಜೆಯಾದ, ವಾಯುಪಡೆ ಸೇರಿದ, ಬಿ-24 ಬಾಂಬರ್ ವಿಮಾನದ ಗನ್ನರ್ ಆಗಿ ಪೆಸಿಫಿಕ್ ಯುದ್ಧರಂಗದಲ್ಲಿ ಹಾರಿ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದ. ಭಾರತೀಯರು ಬಿಳಿಯರಲ್ಲ, ಹಾಗಾಗಿ ಪೌರತ್ವಕ್ಕೆ ಅರ್ಹರಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1923ರಲ್ಲಿ ತೀರ್ಪು ಕೊಟ್ಟಿತ್ತು. ಸಾಮಾನ್ಯ ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರ ಕಾಯ್ದೆಯಿಂದ. ಅಂಥ ದೇಶಕ್ಕಾಗಿ ಯುದ್ಧ ಮಾಡಿ ಬಂದವನಿಗೆ ಹಾಲಿವುಡ್ ಮತ್ತೆ ಕೊಟ್ಟದ್ದು ಕಾಡು ಮತ್ತು ರುಮಾಲು. 1948ರ ‘ಮ್ಯಾನ್-ಈಟರ್ ಆಫ್ ಕುಮಾವೂನ್’ ನೋಡಿದ ಜಿಮ್ ಕಾರ್ಬೆಟ್, ಇದರಲ್ಲಿ ಚೆನ್ನಾಗಿ ನಟಿಸಿದ್ದು ಹುಲಿ ಮಾತ್ರ ಎಂದರಂತೆ.

ಹುಡುಗನಾಗಿದ್ದಾಗ ಸಾಬು ಬೇಕಿತ್ತು, ಗಂಡಸಾದ ಮೇಲೆ ಅವನನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ. ಅಪವಾದ 1947ರ ‘ಬ್ಲ್ಯಾಕ್ ನಾರ್ಸಿಸಸ್’. ಅದರಲ್ಲಿ ಅವನು ಸುಗಂಧ ಪೂಸಿಕೊಂಡು, ರೇಷ್ಮೆ ಉಟ್ಟು, ಓದಲು ಬರುವ ಯುವರಾಜ, ಪ್ರೇಮವೂ ಉಂಟು. ಪ್ರೇಯಸಿಯ ಪಾತ್ರದಲ್ಲಿ ಮೈಗೆ ಕಂದು ಬಣ್ಣ, ಮೂಗಿಗೆ ನತ್ತು ಹಾಕಿಕೊಂಡ ಇಂಗ್ಲೆಂಡಿನ ಜೀನ್ ಸಿಮನ್ಸ್! ಮೆಹಬೂಬ್ ಖಾನ್ ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಸಾಬುವನ್ನು ತರಬೇಕೆಂದಿದ್ದರು. ಕೆಲಸದ ಪರವಾನಗಿ ಸಿಗದೆ ಪಾತ್ರ ಸುನಿಲ್ ದತ್ತರಿಗೆ ಹೋಯಿತು. ಸಾಬು ಕೊನೆಗೂ ಒಂದೇ ಒಂದು ಭಾರತೀಯ ಚಿತ್ರದಲ್ಲೂ ನಟಿಸಲಿಲ್ಲ. 1963ರ ಡಿಸೆಂಬರ್ 2ರಂದು ಲಾಸ್ ಏಂಜಲೀಸ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ ಮೂವತ್ತೊಂಬತ್ತು ವರ್ಷ.

ನೆಮೊನ ಕಥೆ ಏನಾಯಿತು? 1954ರಲ್ಲಿ ವಾಲ್ಟ್ ಡಿಸ್ನಿ ಕಂಪನಿ ಮಾಡಿದ ಪ್ರಸಿದ್ಧ ಚಿತ್ರದಲ್ಲಿ ನೆಮೊ ಆದವರು ಜೇಮ್ಸ್ ಮೇಸನ್. ಮುಖಕ್ಕೆ ಬಣ್ಣವಿಲ್ಲ, ಕಥೆಯಲ್ಲಿ ಭಾರತವೂ ಇಲ್ಲ. ಬಣ್ಣ ಬಳಿಯುವುದು ನಾಚಿಕೆ ಅನಿಸತೊಡಗಿದಾಗ ಸುಲಭದ ದಾರಿ ಅದು: ಪಾತ್ರವನ್ನೇ ಬಿಳಿಯ ಮಾಡುವುದು. 1961ರಲ್ಲಿ ಹರ್ಬರ್ಟ್ ಲೋಂ, 1973ರಲ್ಲಿ ಈಜಿಪ್ಟಿನ ಒಮರ್ ಶರೀಫ್. 2003ರ ‘ದ ಲೀಗ್ ಆಫ್ ಎಕ್ಸ್‌ಟ್ರಾಆರ್ಡಿನರಿ ಜೆಂಟಲ್‌ಮೆನ್’ನಲ್ಲಿ ನಸೀರುದ್ದೀನ್ ಶಾ ನೆಮೊ ಆದರು. ಚಿತ್ರ ಸಾಧಾರಣ, ನೆಮೊ ಮಾತ್ರ ನೋಡುವಂತಿದ್ದ. ವರ್ನ್ ಪುಸ್ತಕದಿಂದ ಅಲ್ಲಿಗೆ ಬರಲು 128 ವರ್ಷ ಹಿಡಿಯಿತು.

ಇದೆಲ್ಲ ಹಳೆಯ ಕಾಲದ ಮಾತೆಂದು ಕೈತೊಳೆದುಕೊಳ್ಳುವ ಮೊದಲು ನಮ್ಮ ಬಂಡೆಗಳ ಹತ್ತಿರ ಒಮ್ಮೆ ನಿಲ್ಲಬೇಕು. ಡೇವಿಡ್ ಲೀನ್ ‘ಎ ಪ್ಯಾಸೇಜ್ ಟು ಇಂಡಿಯಾ’ ತೆಗೆಯಲು ಬಂದಾಗ, ಅದಕ್ಕೆ ಆಧಾರವಾದ ಕಾದಂಬರಿಯ ಗುಹೆಗಳಿಗೆ ಮೂಲವಾದ ಬಿಹಾರದ ಬರಾಬರ್ ಬೆಟ್ಟ ಅವರಿಗೆ ಹಿಡಿಸಲಿಲ್ಲ. ಮಾಗಡಿಯ ಸಾವನದುರ್ಗ ಮತ್ತು ರಾಮನಗರದ ರಾಮದೇವರ ಬೆಟ್ಟ ಹಿಡಿಸಿದವು. ಗುಹೆಯ ಬಾಯಿಗಳನ್ನು ಚಿತ್ರತಂಡವೇ ಬಂಡೆಯಲ್ಲಿ ಕೊರೆಸಿತು. ಲೀನ್ ಬರುವುದಕ್ಕೆ ಹತ್ತು ವರ್ಷ ಮೊದಲು ಇದೇ ರಾಮನಗರದ ಬಂಡೆಗಳ ನಡುವೆ ರಮೇಶ್ ಸಿಪ್ಪಿ ಹಾಲಿವುಡ್‌ನ ಕೌಬಾಯ್ ಚಿತ್ರಗಳನ್ನು ನಮ್ಮದಾಗಿಸಿಕೊಂಡು ‘ಶೋಲೆ’ ಕಟ್ಟಿದ್ದರು. ಕುದುರೆ, ಬಂದೂಕು, ಬಂಡೆ ಎಲ್ಲ ಅಲ್ಲಿಯ ಥರ. ಮುಖಗಳು ಮಾತ್ರ ನಮ್ಮವು.

ಲೀನ್ ಚಿತ್ರ 1984ರಲ್ಲಿ ಬಿಡುಗಡೆಯಾಯಿತು. ಅಜೀಜ್ ಪಾತ್ರಕ್ಕೆ ವಿಕ್ಟರ್ ಬ್ಯಾನರ್ಜಿ, ಜೊತೆಗೆ ಸಯೀದ್ ಜಾಫ್ರಿ, ರೋಷನ್ ಸೇಠ್. ಇಷ್ಟೆಲ್ಲ ನಟರಿದ್ದೂ ಬ್ರಾಹ್ಮಣ ಪ್ರೊಫೆಸರ್ ಗೋಡಬೋಲೆ ಆದವರು ಸರ್ ಅಲೆಕ್ ಗಿನ್ನೆಸ್. ಮುಖಕ್ಕೆ ಬಣ್ಣ, ಹಣೆಗೆ ನಾಮ. ಗಿನ್ನೆಸ್ ದೊಡ್ಡ ನಟ, ಅನುಮಾನವಿಲ್ಲ; ಆದರೆ ಆ ಗೋಡಬೋಲೆಯನ್ನು ನೋಡುವಾಗ ಹೊಲುಬಾರನ ನೆಮೊ ನೆನಪಾಗದಿರುವುದು ಕಷ್ಟ. ಇದೇ ನಿರ್ದೇಶಕ, ಇದೇ ನಟ 1948ರಲ್ಲಿ ‘ಆಲಿವರ್ ಟ್ವಿಸ್ಟ್’ ಮಾಡಿದ್ದಾಗ, ದೊಡ್ಡ ಕೃತಕ ಮೂಗು ಅಂಟಿಸಿದ ಯಹೂದಿ ಫೇಗಿನ್ ಪಾತ್ರ ಕಂಡು ಯಹೂದಿಗಳು ಪ್ರತಿಭಟಿಸಿದ್ದರು. ಅಮೆರಿಕದಲ್ಲಿ ಚಿತ್ರ 1951ರವರೆಗೆ ತೆರೆಕಾಣಲಿಲ್ಲ, ಕಂಡಾಗಲೂ ಕತ್ತರಿ ಬಿದ್ದಿತ್ತು. ಗೋಡಬೋಲೆಯ ವಿಷಯದಲ್ಲಿ ಹಾಗೇನೂ ಆಗಲಿಲ್ಲ. ಚಿತ್ರಕ್ಕೆ ಎರಡು ಆಸ್ಕರ್ ಬಂದವು.

ನಾವೇನೂ ಸಾಚಾಗಳಲ್ಲ ಎನ್ನುವುದನ್ನೂ ಹೇಳಬೇಕು. ಊರಿನ ನಟರ ಮೈಗೆ ಕಪ್ಪು ಬಳಿದು, ಸೊಪ್ಪು ಸುತ್ತಿ, ಅರ್ಥವಿಲ್ಲದ ಕೂಗು ಹಾಕಿಸಿ ‘ಕಾಡಿನ ಜನ’ ಎಂದು ಕುಣಿಸಿದ ಹಾಡುಗಳು ನಮ್ಮ ಭಾರತೀಯ ಚಿತ್ರಗಳಲ್ಲಿ ಬೇಕಾದಷ್ಟಿವೆ. ಖೆಡ್ಡಾದಲ್ಲಿ ಆನೆ ಹಿಡಿಯಲು ದುಡಿದ ಜೇನುಕುರುಬರು ತಮ್ಮನ್ನು ಆ ಹಾಡುಗಳಲ್ಲಿ ಹೇಗೆ ತೋರಿಸಿದ್ದಾರೆಂದು ನೋಡಿ ದೂರು ಕೊಡುವ ಸ್ಥಿತಿಯಲ್ಲಿ ಇರಲಿಲ್ಲ. ಲೆಕ್ಕ ಇಲ್ಲಿಯೂ ಅದೇ.

‘ಎ ಪ್ಯಾಸೇಜ್ ಟು ಇಂಡಿಯಾ’ದ ಚಿತ್ರೀಕರಣದ ದಿನಗಳಲ್ಲಿ ಮಾಗಡಿ, ರಾಮನಗರದ ಸುತ್ತ ಇಪ್ಪತ್ತರ ಪ್ರಾಯದಲ್ಲಿದ್ದವರಿಗೆ ಈಗ ಅರವತ್ತು ದಾಟಿದೆ. ಗುಂಪಿನಲ್ಲಿ ನಿಂತವರು, ಬಂಡೆ ಕೊರೆದವರು, ಊಟ ಬಡಿಸಿದವರು, ವೇಷ ನೋಡಿ ನಕ್ಕವರು ಇನ್ನೂ ನಮ್ಮ ನಡುವೆ ಇದ್ದಾರೆ. ಲೀನ್ ಬಗ್ಗೆ, ಗಿನ್ನೆಸ್ ಬಗ್ಗೆ ಇಂಗ್ಲಿಷಿನಲ್ಲಿ ದಪ್ಪ ದಪ್ಪ ಪುಸ್ತಕಗಳು ಬಂದಿವೆ. ಆ ಬಿಸಿಲಿನಲ್ಲಿ ದಿನಗೂಲಿಗೆ ನಿಂತವರು ಕಂಡದ್ದೇನು ಎಂಬುದನ್ನು ಅವರ ಬಾಯಿಂದಲೇ ಕೇಳಬೇಕು. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಅಂಥವರಿದ್ದರೆ ಮೊಬೈಲ್ ಹಿಡಿದು ಒಂದು ಗಂಟೆ ಕೂತು ಮಾತಾಡಿಸಿ, ಹಳೆಯ ಫೋಟೊ ಇದ್ದರೆ ಹಿಂದೆ ಹೆಸರು ಬರೆಸಿಡಿ. ತಡಮಾಡಬೇಡಿ.